ಅಸಲು ಮುಟ್ಟದೆ ಮೂರು ಸಾವಿರದ ಆರುನೂರು

ನಮ್ಮ ಸಣ್ಣ ಊರು ನೋರ್ಬಿಯಲ್ಲಿ ನನ್ನನ್ನು ಕಂಡರೆ ಇಬ್ಬರಿಗೆ ಆಗುವುದಿಲ್ಲ. ಒಬ್ಬ ನಮ್ಮೂರ ಬ್ಯಾಂಕಿನ ಯಜಮಾನ ಗೇಲನ್ ಓಸೆನ್. ಇನ್ನೊಬ್ಬಳು ಚರ್ಚಿನ ಗಾಯನ ತಂಡ ನಡೆಸುವ ಜನೆಲ್. ಗೇಲನ್‌ನ ಕೋಪಕ್ಕೆ ಕಾರಣವೇನೆಂದು ನಾನೇ ಹೆಮ್ಮೆಯಿಂದ ಹೇಳಿಕೊಳ್ಳುತ್ತೇನೆ. ಜನೆಲ್‌ಳ ಕಾರಣ ಏನೆಂದು ನನಗೆ ತಿಳಿದದ್ದು ಬಹಳ ತಡವಾಗಿ, ಅದೂ ಹತ್ತು ಜನರ ಮುಂದೆ.

ನನ್ನ ಹೆಸರು ಆರ್ಡಿಸ್. ಮೂವತ್ತೊಂದು ವರ್ಷ ಶಾಲೆಯ ಬಸ್ಸು ಓಡಿಸಿದವಳು. ಸೀಟಿಗೆ ಚ್ಯೂಯಿಂಗ್ ಗಮ್ ಅಂಟಿಸಿದವನು ಯಾರೆಂದು ಕನ್ನಡಿಯಲ್ಲಿ ಮುಖ ನೋಡಿಯೇ ಹಿಡಿಯುತ್ತಿದ್ದೆ. ನಿವೃತ್ತಿಯಾದ ಮೇಲೆ ಆ ಕಣ್ಣನ್ನು ಬ್ಯಾಂಕುಗಳ ಮೇಲೆ ಇಟ್ಟಿದ್ದೇನೆ. ಪ್ರತಿ ಮಂಗಳವಾರ ಬೆಳಿಗ್ಗೆ ಲೈಬ್ರರಿಯ ಕಂಪ್ಯೂಟರ್ ಮುಂದೆ ಕೂತು, ಯಾವ ಬ್ಯಾಂಕು ಎಷ್ಟು ತಿಂಗಳ ಠೇವಣಿಗೆ ಎಷ್ಟು ಬಡ್ಡಿ ಕೊಡುತ್ತಿದೆ, ಹೊಸ ಖಾತೆ ತೆರೆದವರಿಗೆ ಯಾರು ಎಷ್ಟು ಬೋನಸ್ ಕೊಡುತ್ತಿದ್ದಾರೆ ಎಂದು ಹಸಿರು ರಟ್ಟಿನ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತೇನೆ. ದೊಡ್ಡ ಅಕ್ಷರದಲ್ಲಿ ಕೊಡುವವರು ಸಣ್ಣ ಅಕ್ಷರದಲ್ಲಿ ಕಿತ್ತುಕೊಳ್ಳುತ್ತಾರೆ, ಸಣ್ಣ ಅಕ್ಷರ ಓದಿ ಎಂದು ಊರಿಗೆಲ್ಲ ಪಾಠ ಹೇಳುತ್ತಿದ್ದೆ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ನನಗೇ ತಿರುಗುತ್ತದೆ.

ಲುಯೆಲ್ಲಾ ನನ್ನ ಪಕ್ಕದ ಮನೆಯವಳು, ಗಂಡ ಹಾರ್ಲನ್ ತೀರಿಕೊಂಡ ಮೇಲೆ ಒಂಟಿಯಾಗಿದ್ದಾಳೆ. ಶಾಲೆಯ ಅಡುಗೆಮನೆಯಲ್ಲಿ ಕೆಲಸ ಮಾಡಿ ಸಣ್ಣ ಪಿಂಚಣಿ ಪಡೆಯುತ್ತಾಳೆ. ಬಾಯಲ್ಲಿ ಬೆರಳಿಟ್ಟರೂ ಕಚ್ಚದಷ್ಟು ಮೆದು. ಚರ್ಚಿನಲ್ಲಿ ಐವತ್ತು ವರ್ಷದಿಂದ ನಾವಿಬ್ಬರೂ ಆಲ್ಟೊ ಎನ್ನುವ, ಹೆಂಗಸರ ಕೆಳದನಿಯ ಸಾಲಿನಲ್ಲಿ ಅಕ್ಕಪಕ್ಕ ನಿಂತು ಹಾಡುತ್ತಿದ್ದೇವೆ. ಮೂರು ವರ್ಷದಿಂದ ಅವಳಿಗೆ ಕಿವಿ ಮಂದವಾಗಿತ್ತು. ಎದುರಿಗಾಗಲಿ ಫೋನಿನಲ್ಲಾಗಲಿ ಒಬ್ಬರೇ ನಿಧಾನವಾಗಿ ಮಾತಾಡಿದರೆ ಕೇಳುತ್ತಿತ್ತು, ಹತ್ತು ದನಿ ಒಟ್ಟಿಗೆ ಬಂದರೆ ಎಲ್ಲ ಕಲಸಿಹೋಗುತ್ತಿತ್ತು.

ಆ ವರ್ಷ ಫೆಬ್ರವರಿಯಲ್ಲಿ ಒಂದು ದಿನ ಅವಳು ನನ್ನ ಅಡುಗೆಮನೆಗೆ ಬಂದು ಕೋಟು ಕೂಡ ಬಿಚ್ಚದೆ ಕೂತಳು. ಕಣ್ಣು ಕೆಂಪಾಗಿತ್ತು.

"ಜನೆಲ್ ಕರೆದಿದ್ಲು," ಎಂದಳು. "ಈ ಸಲ ಚರ್ಚಿಗೆ ನೂರೈವತ್ತು ವರ್ಷ ತುಂಬುತ್ತಲ್ಲ, ಕ್ರಿಸ್‌ಮಸ್ ಗಾಯನಕ್ಕೆ ಹೊರಗಿನೋರೆಲ್ಲ ಬರ್ತಾರಂತೆ. ನಮ್ಮ ಸಾಲಲ್ಲಿ ಸ್ವರ ಕೆಳಗೆ ಜಾರ್ತಾ ಇದೆಯಂತೆ. ಹಾಡೋದು ಬಿಟ್ಟು ಹಾಡಿನ ಹಾಳೆ ಜೋಡಿಸಿಡೋ ಕೆಲಸ ನೋಡ್ಕೋತೀರಾ ಅಂತ ಕೇಳಿದ್ಲು."

"ನೀನೇನಂದೆ?"

"ಯೋಚನೆ ಮಾಡ್ತೀನಿ ಅಂದೆ. ಕಿವಿಗೆ ಯಂತ್ರ ಹಾಕಿಸ್ಕೊಂಡ್ರೆ ಸರಿಯಾಗ್ಬೋದು, ನವೆಂಬರ್ ತನಕ ಟೈಮ್ ಕೊಡು ಅಂತ ಬೇಡ್ಕೊಂಡೆ. ಹೂಂ ಅಂದ್ಲು. ಆರ್ಡಿಸ್, ಹಾರ್ಲನ್ ಹೋದ. ಮಂಡಿ ಹೋಯ್ತು. ಹಾಡೂ ಹೋದ್ರೆ ನಂಗೆ ಉಳಿಯೋದೇನೇ?"

ನನಗೆ ಜನೆಲ್‌ಳ ಜುಟ್ಟು ಹಿಡಿದು ಎಳೆಯುವಷ್ಟು ಸಿಟ್ಟು ಬಂತು. ಆದರೆ ಸಿಟ್ಟಿನಿಂದ ಕಿವಿ ಕೇಳಿಸುವುದಿಲ್ಲ. ಎರಡು ಕಿವಿಯ ಯಂತ್ರಕ್ಕೆ ಮೂರು ಸಾವಿರದ ಆರುನೂರು ಡಾಲರ್ ಆಗುತ್ತದೆ ಎಂದು ಕ್ಲಿನಿಕ್ಕಿನವರು ಹೇಳಿದ್ದರು. ವಿಮೆಯವರು ಒಂದು ಕಾಸೂ ಕೊಡುವುದಿಲ್ಲ ಎಂದಿದ್ದರು. ಹಾರ್ಲನ್ ತನ್ನ ಟ್ರ್ಯಾಕ್ಟರ್ ರಿಪೇರಿ ಶೆಡ್ ಮಾರಿ ಹೆಂಡತಿಯ ಹೆಸರಿಗೆ ಇಟ್ಟುಹೋದ ಅರವತ್ತು ಸಾವಿರ ಗೇಲನ್‌ನ ಬ್ಯಾಂಕಿನಲ್ಲಿತ್ತು. ಅದರಿಂದ ತೆಗೆದುಕೊ ಎಂದೆ.

"ಅಸಲು ಮುಟ್ಟಲ್ಲ ಕಣೇ. ಹಾರ್ಲನ್‌ಗೆ ಮಾತು ಕೊಟ್ಟಿದ್ದೀನಿ. ನಾಳೆ ಮೆಟ್ಟಿಲು ಹತ್ತೋಕಾಗದೆ ಯಾರಾದ್ರೂ ನೋಡ್ಕೊಳ್ಳೋ ಜಾಗಕ್ಕೆ ಹೋಗ್ಬೇಕಾದಾಗ ಅಂತ ಇಟ್ಟಿರೋ ದುಡ್ಡು ಅದು."

"ಬಡ್ಡಿ ಮುಟ್ಬೋದಾ?"

ಅವಳು ಸ್ವಲ್ಪ ಯೋಚಿಸಿದಳು. "ಬಡ್ಡಿ ಮುಟ್ಬೋದು. ಬಡ್ಡಿ ಹಾರ್ಲನ್‌ದಲ್ಲ."

ಅಷ್ಟು ಸಾಕಾಗಿತ್ತು ನನಗೆ. ಅವಳ ಠೇವಣಿಯ ಕಾಗದ ತರಿಸಿ ನೋಡಿದೆ. ಐದು ವರ್ಷದ ಠೇವಣಿ, ಬಡ್ಡಿ ನೂರಕ್ಕೆ ಒಂದೂ ಇಲ್ಲ, ಮಾರ್ಚ್ ಹದಿನೈದಕ್ಕೆ ಅವಧಿ ಮುಗಿಯುತ್ತದೆ. ದೇಶದಲ್ಲೆಲ್ಲ ಬಡ್ಡಿ ಐದು ದಾಟಿ ಕುಣಿಯುತ್ತಿದ್ದ ಕಾಲ ಅದು. ನೋಟ್‌ಬುಕ್ ತೆಗೆದು ಅವಳ ಮುಂದೆಯೇ ಲೆಕ್ಕ ಹಾಕಿದೆ. ಮೂವತ್ತೈದು ಸಾವಿರ ಏಳು ತಿಂಗಳ ಠೇವಣಿಗೆ, ಐದು ಪಾಯಿಂಟ್ ನಾಲ್ಕು. ಉಳಿದ ಇಪ್ಪತ್ತೈದು ಸಾವಿರವನ್ನು ಒಂದು ಬ್ಯಾಂಕಿನಲ್ಲಿ ತೊಂಬತ್ತು ದಿನ ಇಟ್ಟರೆ ಐನೂರು ಬೋನಸ್, ಅಲ್ಲಿಂದ ಎತ್ತಿ ಇನ್ನೊಂದರಲ್ಲಿ ತೊಂಬತ್ತು ದಿನ ಇಟ್ಟರೆ ಮತ್ತೆ ಐನೂರು, ಜೊತೆಗೆ ಮಾಮೂಲಿ ಬಡ್ಡಿ. ಪಿಂಚಣಿ ಬಂದು ಬೀಳುವ ಖಾತೆಯನ್ನು ಮೂರು ಬ್ಯಾಂಕಿಗೆ ಒಂದಾದ ಮೇಲೊಂದು ಬದಲಿಸಿದರೆ ಮುನ್ನೂರು, ನಾನೂರು, ಇನ್ನೂರೈವತ್ತು. ಎಲ್ಲ ಸೇರಿ ಮೂರು ಸಾವಿರದ ಆರುನೂರ ಮೂವತ್ತೆರಡು.

"ಮೂವತ್ತೆರಡು ಡಾಲರ್ ಉಳಿಯುತ್ತೆ ನೋಡು," ಎಂದೆ.

"ಇದೆಲ್ಲ ಕಳ್ಳತನ ಅಲ್ಲ ತಾನೇ?" ಎಂದು ಲುಯೆಲ್ಲಾ ಮೆಲ್ಲಗೆ ಕೇಳಿದಳು.

"ಅವರೇ ಪೇಪರಲ್ಲಿ ಹಾಕಿ ಕರೀತಿದ್ದಾರಲ್ಲೇ. ಮದುವೆಗೆ ಕರೆದೋರ ಮನೇಲಿ ಊಟ ಮಾಡೋದು ಕಳ್ಳತನಾನಾ?"

ಮಾರ್ಚ್ ಹದಿನೈದರಂದು ನಾನು ಊರಲ್ಲಿರಲಿಲ್ಲ. ಡುಲೂತ್‌ನಲ್ಲಿ ನನ್ನ ತಂಗಿಗೆ ಸೊಂಟದ ಆಪರೇಷನ್ ಆಗಿತ್ತು. ಅವಧಿ ಮುಗಿದ ಮೇಲೆ ಹತ್ತು ದಿನದೊಳಗೆ ಹಣ ತೆಗೆಯದಿದ್ದರೆ ಬ್ಯಾಂಕು ತಾನಾಗಿ ಮತ್ತೆ ಐದು ವರ್ಷಕ್ಕೆ ಕಟ್ಟಿಹಾಕುತ್ತದೆ, ನೆನಪಿರಲಿ ಎಂದು ಅವಳ ಕ್ಯಾಲೆಂಡರಿನಲ್ಲಿ ಕೆಂಪು ಗೆರೆ ಎಳೆದು ಹೋಗಿದ್ದೆ. ಒಂಬತ್ತನೇ ದಿನ ಗುರುವಾರ ಸಂಜೆ ವಾಪಸ್ ಬಂದವಳು ಚೀಲ ಇಳಿಸದೆ ಅವಳ ಮನೆಗೆ ಹೋದೆ.

"ದುಡ್ಡು ತೆಗೆದ್ಯಾ?"

ಲುಯೆಲ್ಲಾ ಕಾಫಿ ಸೋಸುವ ನೆಪದಲ್ಲಿ ಬೆನ್ನು ತಿರುಗಿಸಿದಳು. "ಬ್ಯಾಂಕಿಂದ ಫೋನ್ ಬಂದಿತ್ತು. ಹೊಸಬ, ರಾಯ್ಸ್ ಅಂತ, ಟೆಕ್ಸಸ್ ಕಡೆಯೋನು. ನಿಮ್ಮ ಠೇವಣಿ ಮುಗೀತು, ಹದಿಮೂರು ತಿಂಗಳಿಗೆ ನಾಲ್ಕು ಮುಕ್ಕಾಲು ಕೊಡ್ತೀವಿ, ಹಾಕ್ಲಾ ಅಂತ ಕೇಳ್ದ."

"ನೀನು?"

"ಬೇಡ ಬಿಡಿ, ಇರೋದೇ ಸಾಕು ಅಂದೆ."

"ಯಾಕೆ?"

"ತಾವಾಗೇ ಕೊಡ್ತೀನಿ ಅಂದೋರಿಗೆ ಮೊದಲನೇ ಸಲಕ್ಕೇ ಹೂಂ ಅನ್ನೋಕಾಗುತ್ತೇನೇ? ಅವನು ಇನ್ನೆರಡು ಸಲ ಕೇಳ್ತಾನೆ, ಆಮೇಲೆ ನೀನು ಬರೋ ತನಕ ತಡಿ ಅಂತ ಹೇಳೋಣ ಅಂದ್ಕೊಂಡಿದ್ದೆ. ಅವನು ಆಯ್ತು ಮೇಡಂ, ಥ್ಯಾಂಕ್ಯೂ ಅಂದು ಫೋನ್ ಇಟ್ಟೇಬಿಟ್ಟ. ಇರೋದೇ ಮುಂದುವರೀಲಿ ಅಂತ ಬರ್ಕೊಂಡ್ನಂತೆ. ಐದು ವರ್ಷಕ್ಕೆ. ಬಡ್ಡಿ ಈಗ ಒಂದು ಪಾಯಿಂಟ್ ಒಂದಂತೆ."

ನಾನು ತಲೆ ಚಚ್ಚಿಕೊಂಡೆ. ಆದರೆ ಅವಳನ್ನು ಬೈಯುವುದು ಹೇಗೆ? ನಮ್ಮ ಕಡೆ ಹುಟ್ಟಿದವರೆಲ್ಲ ಹಾಗೇ. ಯಾರಾದರೂ ಕಾಫಿ ಕೊಡುತ್ತೇನೆ ಎಂದರೆ ಮೊದಲು ಬೇಡ ಅನ್ನಬೇಕು. ಮತ್ತೆ ಕೇಳಿದರೆ ಅಯ್ಯೋ ನಿಮಗ್ಯಾಕೆ ತೊಂದರೆ ಅನ್ನಬೇಕು. ಮೂರನೇ ಸಲಕ್ಕೆ ನೀವು ಅಷ್ಟು ಹೇಳಿದ ಮೇಲೆ ಎಂದು ಅರ್ಧ ಲೋಟ ತೆಗೆದುಕೊಳ್ಳಬೇಕು. ಚರ್ಚಿನ ನೆಲಮಾಳಿಗೆಯ ಊಟದಲ್ಲಿ ತಟ್ಟೆಯ ಕೊನೆಯ ತುಂಡನ್ನು ಯಾರೂ ಮುಟ್ಟುವುದಿಲ್ಲ, ಅದನ್ನು ಅರ್ಧ ಮಾಡಿ, ಆ ಅರ್ಧವನ್ನು ಮತ್ತೆ ಅರ್ಧ ಮಾಡಿ, ಕೊನೆಗೆ ಚೂರೊಂದು ಒಣಗಿ ಕೂತಿರುತ್ತದೆ. ಟೆಕ್ಸಸ್‌ನವನಿಗೆ ಇದೆಲ್ಲ ಹೇಗೆ ಗೊತ್ತಾಗಬೇಕು. ಅವನ ಊರಲ್ಲಿ ಬೇಡ ಅಂದರೆ ಬೇಡ.

"ನಾಳೆ ಹತ್ತನೇ ದಿನ," ಎಂದೆ. "ಬೆಳಿಗ್ಗೆ ಹೋಗಿ ಬಿಡಿಸ್ಕೊಂಡು ಬರೋಣ."

"ನಾಳೆ ಹಿಮದ ಬಿರುಗಾಳಿ ಇದೆಯಂತಲ್ಲೇ."

"ನಾನು ಮಕ್ಕಳನ್ನ ತುಂಬ್ಕೊಂಡು ಓಡಿಸಿದ ಹಿಮಾನ ಆ ಹವಾಮಾನ ಹೇಳೋರ ಅಜ್ಜಾನೂ ನೋಡಿಲ್ಲ. ಬೂಟು ಬಾಗಿಲ ಹತ್ರ ಇಟ್ಕೊಂಡು ಮಲಗು."

ಬೆಳಿಗ್ಗೆ ಎದ್ದರೆ ರಸ್ತೆಯೂ ಹೊಲವೂ ಒಂದೇ ಬಿಳಿ. ರೇಡಿಯೋದಲ್ಲಿ ಶಾಲೆಗೆ ರಜೆ, ಬ್ಯಾಂಕು ಹನ್ನೆರಡಕ್ಕೇ ಮುಚ್ಚುತ್ತದೆ ಎಂದರು. ಚಕ್ರ ಜಾರದಿರಲೆಂದು ನನ್ನ ಪಿಕಪ್ ಗಾಡಿಯ ಹಿಂದೆ ನಾಲ್ಕು ಮೂಟೆ ಮರಳು ಹೇರಿ, ಒಂದು ಮೈಲಿ ದಾರಿಯನ್ನು ಮುಕ್ಕಾಲು ಗಂಟೆಯಲ್ಲಿ ದಾಟಿದೆವು. ಒಳಗೆ ಕಾಲಿಟ್ಟಾಗ ಗೋಡೆ ಗಡಿಯಾರದಲ್ಲಿ ಹನ್ನೊಂದು ನಲವತ್ತು. ಗೇಲನ್ ಆಗಲೇ ಕೋಟು ಹಾಕಿಕೊಂಡಿದ್ದ. ಕೌಂಟರಿನ ಹಿಂದೆ ರಾಯ್ಸ್ ಎಂಬ ಎತ್ತರದ ಮನುಷ್ಯ ಎರಡು ಸ್ವೆಟರ್ ಹಾಕಿಕೊಂಡೂ ನಡುಗುತ್ತಿದ್ದ.

"ನನ್ನ ಠೇವಣಿ ದುಡ್ಡು ಪೂರ್ತಿ ಬೇಕಿತ್ತು," ಎಂದಳು ಲುಯೆಲ್ಲಾ. "ತೊಂದರೆ ಇಲ್ಲ ಅಂದ್ರೆ."

ಕೊನೆಯ ಮಾತು ಕೇಳಿ ನಾನು ಅವಳ ಮೊಣಕೈ ತಿವಿದೆ. ಗೇಲನ್ ಕೋಟು ಬಿಚ್ಚಿ ಬಂದ. ಮೂರನೇ ತರಗತಿಯಿಂದ ನಮ್ಮ ಜೊತೆ ಓದಿದವನು. ಹಾರ್ಲನ್ ತೀರಿಕೊಂಡಾಗ ಮನೆಗೆ ಹಾಟ್‌ಡಿಶ್ ಎಂಬ ನಮ್ಮ ಕಡೆಯ ಬಿಸಿ ಅಡುಗೆ ಮಾಡಿಸಿ ತಂದವನು. ಬೆಣ್ಣೆ ಹಚ್ಚುವುದರಲ್ಲಿ ನಮ್ಮ ಜಿಲ್ಲೆಯಲ್ಲೇ ಅವನನ್ನು ಮೀರಿಸುವವರಿಲ್ಲ.

"ಏನ್ ಲುಯೆಲ್ಲಾ, ಇಂಥ ಹವಾದಲ್ಲಿ ದುಡ್ಡು ಹೊತ್ಕೊಂಡು ಎಲ್ಲಿಗೆ ಹೊರಟೆ? ಈ ಆರ್ಡಿಸ್ ಮಾತು ಕೇಳ್ಬೇಡ. ರಾಯ್ಸ್ ಹೇಳಿದ ನಾಲ್ಕು ಮುಕ್ಕಾಲನ್ನ ಇವತ್ತೇ ಹಾಕ್ಕೊಡ್ತೀನಿ."

"ಬೇಡ ಗೇಲನ್," ಎಂದಳು.

"ಸರಿ, ಐದು. ಬೇರೆಯೋರಿಗೆ ಹೇಳ್ಬೇಡ."

"ಅಯ್ಯೋ, ನಿಂಗ್ಯಾಕೆ ತೊಂದರೆ."

ಗೇಲನ್ ನಕ್ಕ. ಅವನೂ ಇದೇ ಊರಿನ ನೀರು ಕುಡಿದವನು, ಲೆಕ್ಕ ಎಲ್ಲಿಗೆ ಬಂತು ಎಂದು ಅವನಿಗೂ ಗೊತ್ತು. ಪೆನ್ನಿನ ಮುಚ್ಚಳ ತೆಗೆದು ಕಾಗದ ಅವಳ ಕಡೆ ತಿರುಗಿಸಿದ. ಮೂರನೇ ಸಲ ಕೇಳಿದರೆ ಇವಳು ಒಪ್ಪಿಬಿಡುತ್ತಾಳೆ, ಎಪ್ಪತ್ತು ವರ್ಷದ ಅಭ್ಯಾಸ.

"ಐದೂಕಾಲು," ಎಂದ ಗೇಲನ್. "ಹಾರ್ಲನ್ ಶವಪೆಟ್ಟಿಗೆಗೆ ಹೆಗಲು ಕೊಟ್ಟೋನು ನಾನು. ಅವನಿದ್ದಿದ್ರೆ ಇಲ್ಲೇ ಇಡು ಅಂತಿದ್ದ. ಇನ್ನು ಸುಮ್ನೆ ಸೈನ್ ಹಾಕು."

ಹೊರಗೆ ಗಾಳಿ ಕಿಟಕಿಗೆ ಹಿಮ ಎರಚುತ್ತಿತ್ತು. ಲುಯೆಲ್ಲಾ ಕಾಗದವನ್ನು ಪೂರ್ತಿ ಓದಿ, ಮಡಿಸಿ, ಅವನ ಕಡೆಗೇ ತಳ್ಳಿದಳು.

"ಬೇಡ," ಎಂದಳು. "ಹಾರ್ಲನ್ ಇದ್ದಿದ್ರೆ, ಐದೂಕಾಲು ಕೊಡೋಕೆ ಆಗ್ತಿದ್ದೋನು ಇಷ್ಟು ವರ್ಷ ಬರೀ ಮುಕ್ಕಾಲು ಯಾಕೆ ಕೊಟ್ಟೆ ಅಂತ ಕೇಳ್ತಿದ್ದ."

ಗೇಲನ್ ಪೆನ್ನಿಗೆ ಮುಚ್ಚಳ ಹಾಕಿದ. ಮೂರನೇ ಬೇಡದ ಮೇಲೆ ಏನು ಹೇಳಬೇಕೆಂದು ಈ ಊರಿನಲ್ಲಿ ಯಾರೂ ಯಾರಿಗೂ ಕಲಿಸಿಲ್ಲ. ಹನ್ನೆರಡಕ್ಕೆ ಎರಡು ನಿಮಿಷವಿರುವಾಗ ರಾಯ್ಸ್ ಅರವತ್ತು ಸಾವಿರ ಚಿಲ್ಲರೆಯ ಚೆಕ್ಕನ್ನು ಅವಳ ಕೈಗಿಟ್ಟ. ನಮ್ಮನ್ನು ಕಳಿಸುವಾಗ ಬಾಗಿಲು ಹಿಡಿದುಕೊಂಡು ನನ್ನ ಕಿವಿಯಲ್ಲಿ ಕೇಳಿದ.

"ಮೇಡಂ, ಈ ಊರಲ್ಲಿ ಬೇಡ ಅಂದ್ರೆ ಬೇಡ ಅಂತ ಹೇಗೆ ತಿಳ್ಕೊಳ್ಳೋದು?"

"ಮೂರು ಸಲ ಕೇಳಪ್ಪ," ಎಂದೆ. "ಮಾರ್ಚ್ ಆಯ್ತಲ್ಲ, ದಪ್ಪ ಕೋಟು ಅಗ್ಗ ಇರುತ್ತೆ, ಒಂದು ತಗೋ."

ಗಾಡಿಯಲ್ಲಿ ಕೂತ ಮೇಲೆ ಇಬ್ಬರೂ ಹುಚ್ಚರಂತೆ ನಕ್ಕೆವು. ಬೇಡ ಅನ್ನುವುದರಲ್ಲಿ ತನ್ನಷ್ಟು ಪಳಗಿದವರು ಯಾರಿದ್ದಾರೆ, ಮೂರನೇ ಸಲವೂ ಅದನ್ನೇ ಹೇಳಿದರಾಯಿತು ಅಂದುಕೊಂಡೆ ಎಂದು ಲುಯೆಲ್ಲಾ ಕಣ್ಣೊರೆಸಿಕೊಂಡಳು.

ಆಮೇಲೆ ನಮ್ಮ ಕೆಲಸ ಗಡಿಯಾರದಂತೆ ನಡೆಯಿತು. ಮೂವತ್ತೈದು ಸಾವಿರ ಏಳು ತಿಂಗಳಿಗೆ ಹೋಯಿತು. ಇಪ್ಪತ್ತೈದು ಸಾವಿರ ಜೂನ್ ಕೊನೆಯವರೆಗೆ ಒಂದು ಕಡೆ ಕೂತು ಐನೂರು ದುಡಿಯಿತು, ಜುಲೈಯಲ್ಲಿ ಎದ್ದು ಇನ್ನೊಂದು ಕಡೆ ಹೋಗಿ ಕೂತಿತು. ಪಿಂಚಣಿ ಕಚೇರಿಗೆ ಖಾತೆ ಬದಲಿಸುವ ಅರ್ಜಿ ಕಳಿಸಿ ಕಳಿಸಿ ಅಲ್ಲಿಯ ಹೆಂಗಸಿಗೆ ಲುಯೆಲ್ಲಾಳ ದನಿಯೇ ಪರಿಚಯವಾಯಿತು, ಮಂಡಿ ಹೇಗಿದೆ ಎಂದು ಅವಳೇ ವಿಚಾರಿಸುತ್ತಿದ್ದಳು. ಮೊದಲ ಖಾತೆಯ ಮುನ್ನೂರು ಬಂದ ದಿನ ನಾವು ರುಬಾರ್ಬ್ ಎಂಬ ಹುಳಿ ದಂಟಿನ ಪೈ ಮಾಡಿ ತಿಂದೆವು. ನಾನು ಕೆಫೆಯಲ್ಲಿ ಕೂತು ಎದುರಿಗೆ ಸಿಕ್ಕಿದವರಿಗೆಲ್ಲ ಇದನ್ನೇ ಹೇಳಿದೆ. ಜಂಬ ಸ್ವಲ್ಪ ಜಾಸ್ತಿಯೇ ಆಗಿತ್ತು, ಒಪ್ಪಿಕೊಳ್ಳುತ್ತೇನೆ.

ಸೆಪ್ಟೆಂಬರಿನಲ್ಲಿ ಎರಡನೇ ಖಾತೆಯ ನಾನೂರು ಬರಬೇಕಿತ್ತು. ಅದು ಫಾರ್ಗೋ ನಗರದ ಒಂದು ದೊಡ್ಡ ಬ್ಯಾಂಕು. ನಾನೂರರ ಬದಲು ಒಂದು ಕಾಗದ ಬಂತು. ಒಂದೇ ಕಂತಿನಲ್ಲಿ ಐನೂರು ಡಾಲರ್ ಪಿಂಚಣಿ ಜಮೆಯಾಗಿಲ್ಲ, ಆದ್ದರಿಂದ ತಾವು ಬೋನಸ್ಸಿಗೆ ಅರ್ಹರಲ್ಲ.

ಲುಯೆಲ್ಲಾಳ ಪಿಂಚಣಿ ತಿಂಗಳಿಗೆ ನಾನೂರೆಂಬತ್ತು. ಎರಡು ತಿಂಗಳಿನದು ಸೇರಿಸಿದರೆ ಒಂಬೈನೂರ ಅರವತ್ತು, ಧಾರಾಳವಾಯಿತು ಎಂದು ನಾನೇ ಬರೆದಿದ್ದೆ. ಓಡಿಹೋಗಿ ಲೈಬ್ರರಿಯಲ್ಲಿ ನೋಡಿದೆ. ಕಂಪ್ಯೂಟರಿನಲ್ಲಿ ನಾಲ್ಕನೇ ಪುಟದ ಅಡಿಯಲ್ಲಿ, ಒಂದೇ ಕಂತು ಎಂದು ಇರುವೆ ಗಾತ್ರದ ಅಕ್ಷರದಲ್ಲಿ ಇತ್ತು. ಅಂಚೆಯಲ್ಲಿ ಬಂದ ಜಾಹೀರಾತಿನ ಚೀಟಿಯನ್ನು ನಂಬಿ ನಾನು ಆ ಪುಟವನ್ನು ತೆರೆದೇ ಇರಲಿಲ್ಲ. ಊರಿಗೆಲ್ಲ ಸಣ್ಣ ಅಕ್ಷರ ಓದಿ ಎಂದವಳು ನಾನು. ಲೈಬ್ರರಿಯ ಕುರ್ಚಿಯಲ್ಲಿ ಕೂತಲ್ಲೇ ನನಗೆ ಅಳು ಬಂತು.

ಮೂರು ಸಾವಿರದ ಇನ್ನೂರ ಮೂವತ್ತೆರಡಕ್ಕೆ ಎರಡು ಕಿವಿಯ ಯಂತ್ರ ಬರುವುದಿಲ್ಲ. ಉಳಿದದ್ದನ್ನು ನಾನು ಕೊಡುತ್ತೇನೆ ಎಂದು ಅವಳ ಮನೆಗೆ ಹೋಗಿ ಹೇಳಿದೆ. ಲುಯೆಲ್ಲಾ ಬೇಡ ಎಂದಳು. ಎರಡನೇ ಸಲ ಕೇಳಿದೆ, ಮೂರನೇ ಸಲ ಕೇಳಿದೆ, ಬೇಡ ಎಂದಳು. ಆಮೇಲೆ ಅಡುಗೆಯ ಕಾರ್ಡುಗಳ ಡಬ್ಬಿ ತೆಗೆದು, ಖರ್ಜೂರದ ಬಾರ್ ಎಂಬ ಸಿಹಿತಿಂಡಿ ಮಾಡುವ ವಿಧಾನದ ಕಾರ್ಡಿನ ಹಿಂದಿನಿಂದ ಒಂದು ಬಣ್ಣದ ಚೀಟಿ ಎಳೆದಳು. ಅದೇ ಜಾಹೀರಾತು. ನಾನು ನನ್ನದನ್ನು ಯಾವತ್ತೋ ಒಲೆಗೆ ಹಾಕಿದ್ದೆ.

"ಇದರಲ್ಲಿ ಅರವತ್ತು ದಿನದಲ್ಲಿ ಒಟ್ಟು ಐನೂರು ಅಂತಾನೇ ಇದೆ ಕಣೇ," ಎಂದಳು. "ನಾಳೆ ನನ್ನ ಫಾರ್ಗೋಗೆ ಕರ್ಕೊಂಡು ಹೋಗು. ಆದ್ರೆ ನೀನು ಬಾಯಿ ತೆಗೀಬಾರ್ದು."

"ನಾನ್ಯಾಕೆ ಬಾಯಿ ತೆಗೀಬಾರ್ದು?"

"ನೀನು ಬಾಯಿ ತೆಗೆದ್ರೆ ಪೊಲೀಸ್ ಬರ್ತಾರೆ."

ಫಾರ್ಗೋದ ಬ್ಯಾಂಕಿನ ಮ್ಯಾನೇಜರ್ ನಲವತ್ತು ದಾಟಿದ ಹೆಂಗಸು, ಮಾತು ಬಹಳ ನಯ. ನಾನು ಕೈಗಳನ್ನು ತೊಡೆಯ ಕೆಳಗಿಟ್ಟುಕೊಂಡು ಕೂತೆ. ಲುಯೆಲ್ಲಾ ವಿಷಯ ಹೇಳಿದಳು.

"ಕ್ಷಮಿಸಿ ಮೇಡಂ," ಎಂದಳು ಮ್ಯಾನೇಜರ್. "ನಿಯಮದ ಪ್ರಕಾರ ಆಗಲ್ಲ."

ಲುಯೆಲ್ಲಾ ತಲೆಯಾಡಿಸಿದಳು. ಚೀಲದಿಂದ ಡಬ್ಬಿ ತೆಗೆದು ಚೌಕಾಕಾರವಾಗಿ ಕತ್ತರಿಸಿದ ಖರ್ಜೂರದ ಬಾರ್‌ಗಳನ್ನು ಮೇಜಿನ ಮೇಲಿಟ್ಟಳು. ಒಂದು ತಗೊಳ್ಳಿ ಎಂದಳು. ಆ ಹೆಂಗಸು ಬೇಡ ಎಂದಳು. ಮತ್ತೆ ಹೇಳಿದಳು, ಮತ್ತೆ ಹೇಳಿದಳು, ಆ ಹೆಂಗಸು ಒಂದು ತೆಗೆದುಕೊಂಡಳು. ನಮ್ಮ ಕಡೆಯವಳೇ ಎಂದು ಲುಯೆಲ್ಲಾಗೆ ಆಗಲೇ ಗೊತ್ತಾಗಿರಬೇಕು.

"ಹಾಗಾದ್ರೆ ಆ ನಾನೂರು ಯಾವಾಗ ಹಾಕ್ತೀರಿ?" ಎಂದು ಕೇಳಿದಳು, ಮೊದಲು ಏನೂ ನಡೆದೇ ಇಲ್ಲವೆಂಬಂತೆ.

"ಇಲ್ಲ ಮೇಡಂ, ಕಂಪ್ಯೂಟರೇ ಒಪ್ಪಲ್ಲ."

"ಪಾಪ, ನಿಮಗೂ ಕಷ್ಟ," ಎಂದಳು ಲುಯೆಲ್ಲಾ, ನಿಜವಾದ ಕನಿಕರದಿಂದ. ಇನ್ನೊಂದು ಬಾರ್ ಅವಳ ಕಡೆ ಸರಿಸಿದಳು. ಆ ಹೆಂಗಸು ತಿನ್ನುವ ತನಕ ಕಾದಳು. ಆಮೇಲೆ ಬಣ್ಣದ ಚೀಟಿಯನ್ನು ಬಿಡಿಸಿ, ಅಂಗೈಯಿಂದ ಸುಕ್ಕು ಒತ್ತಿ, ಅವಳ ಮುಂದೆ ಇಟ್ಟಳು. "ಇದು ನಿಮ್ಮ ಬ್ಯಾಂಕಿನವರೇ ನಮ್ಮನೆಗೆ ಕಳಿಸಿದ್ದು. ಒಟ್ಟು ಐನೂರು ಅಂತ ಇದೆ. ನಾನು ಒಂಬೈನೂರ ಅರವತ್ತು ತಂದು ಹಾಕಿದ್ದೀನಿ. ನಾನೂರು ಕೊಡ್ತೀರಾ?"

ಮ್ಯಾನೇಜರ್ ಚೀಟಿ ಓದಿದಳು. ಹಿಂದೆ ಮುಂದೆ ತಿರುಗಿಸಿದಳು. ಕೆಳಗಿನ ತಾರೀಖು ನೋಡಿದಳು. ನಂತರ ಯಾರಿಗೋ ಫೋನ್ ಮಾಡಿ ಇಪ್ಪತ್ತು ನಿಮಿಷ ಮಾತಾಡಿದಳು. ಮಧ್ಯದಲ್ಲಿ ಒಮ್ಮೆ ದನಿ ಏರಿಸಿ, ನಮ್ಮ ಹೆಸರಲ್ಲಿ ಅಚ್ಚಾಗಿದೆ ಸರ್, ನನ್ನ ಕೈಯಲ್ಲೇ ಇದೆ ಎಂದಳು. ಫೋನ್ ಇಟ್ಟು ನಮ್ಮ ಕಡೆ ತಿರುಗಿದಳು.

"ಮುಂದಿನ ವಾರ ಖಾತೆಗೆ ಬರುತ್ತೆ. ಈ ಬಾರ್ ಮಾಡೋದು ಹೇಗೆ ಅಂತ ಬರ್ಕೊಡ್ತೀರಾ?"

ನಾನು ಗಾಡಿಯನ್ನು ಹೆದ್ದಾರಿಗೆ ತಿರುಗಿಸಿದೆ.

"ಅಷ್ಟು ಧೈರ್ಯ ಎಲ್ಲಿಂದ ಬಂತೇ ನಿಂಗೆ?" ಎಂದೆ.

"ಧೈರ್ಯ ಯಾಕೆ ಬೇಕು?" ಎಂದಳು ಲುಯೆಲ್ಲಾ. "ಪಾಪ, ಅವಳು ಮರ್ಯಾದೆಗೆ ಎರಡು ಸಲ ಇಲ್ಲ ಅಂತಾಳೆ, ಮೂರನೇ ಸಲ ಕೊಡ್ತಾಳೆ ಅಂತ ಗೊತ್ತಿತ್ತಲ್ಲ."

ಅಕ್ಟೋಬರ್ ಕೊನೆಗೆ ಏಳು ತಿಂಗಳ ಠೇವಣಿ ಸಾವಿರದ ನೂರ ಎರಡು ಹೊತ್ತುಕೊಂಡು ಬಂತು. ಎರಡನೇ ಐನೂರೂ ಬಂತು, ಇನ್ನೂರೈವತ್ತೂ ಬಂತು. ನನ್ನ ಅಡುಗೆಮನೆಯ ಮೇಜಿನ ಮೇಲೆ ಎರಡು ಸಲ ಕೂಡಿದೆ, ಮೂರನೇ ಸಲ ಅವಳ ಕೈಲಿ ಕೂಡಿಸಿದೆ. ಮೂರು ಸಾವಿರದ ಆರುನೂರ ಮೂವತ್ತೆರಡು. ಪಕ್ಕದಲ್ಲಿ ಅರವತ್ತು ಸಾವಿರ ಹಾಗೇ ಇತ್ತು, ಹಾರ್ಲನ್ ಬಂದು ಎಣಿಸಿದರೂ ಒಂದು ಡಾಲರ್ ಕಡಿಮೆ ಇರಲಿಲ್ಲ. ನನಗಾದ ಸಂತೋಷಕ್ಕೆ ಎದ್ದು ಒಲೆಯ ಸುತ್ತ ಒಂದು ಸುತ್ತು ಕುಣಿದೆ, ಎಪ್ಪತ್ತೆರಡನೇ ವಯಸ್ಸಿನಲ್ಲಿ.

ನವೆಂಬರ್ ಎರಡನೇ ವಾರ ಕ್ಲಿನಿಕ್ಕಿನಲ್ಲಿ ಅವಳಿಗೆ ಯಂತ್ರ ಹಾಕಿದರು. ಹೊರಗೆ ಬಂದವಳು ನಿಂತಲ್ಲೇ ನಿಂತು, ಬೂಟಿನಡಿ ಹಿಮ ಕರಕರ ಎನ್ನುವುದನ್ನು ಕೇಳಿಸಿಕೊಂಡಳು. ನಾಲ್ಕು ಹೆಜ್ಜೆ ಮುಂದೆ ಹೋಗಿ ಮತ್ತೆ ನಾಲ್ಕು ಹೆಜ್ಜೆ ಹಿಂದೆ ಬಂದಳು. ಅದನ್ನು ನೋಡುತ್ತ ನನ್ನ ಹಸಿರು ನೋಟ್‌ಬುಕ್ ಸಾರ್ಥಕವಾಯಿತು ಅಂದುಕೊಂಡೆ.

ಅದೇ ವಾರದ ಬುಧವಾರ ಚರ್ಚಿನ ನೆಲಮಾಳಿಗೆಯಲ್ಲಿ ಅಭ್ಯಾಸ. ಹೇಗೂ ಗೆದ್ದಿದ್ದೇವೆ ಎಂದು ನಾನು ಒಂದು ದೊಡ್ಡ ತಟ್ಟೆ ಖರ್ಜೂರದ ಬಾರ್ ಹೊತ್ತು ತಂದಿದ್ದೆ. ಎಲ್ಲರೂ ತಿಂದರು, ರೂಢಿಯಂತೆ ಕೊನೆಯದೊಂದು ಉಳಿಯಿತು. ಲುಯೆಲ್ಲಾ ನನ್ನ ಪಕ್ಕದ ತನ್ನ ಜಾಗದಲ್ಲಿ ನಿಂತಳು. ಜನೆಲ್ ಪಿಯಾನೋ ನುಡಿಸತೊಡಗಿದಳು. ನಾನು ಎದೆ ತುಂಬ ಉಸಿರೆಳೆದು, ಜನೆಲ್‌ಗೆ ಬುದ್ಧಿ ಬರಲಿ ಎಂದು ಜೋರಾಗಿಯೇ ಹಾಡಿದೆ. ಎರಡು ಸಾಲು ಮುಗಿಯುವಷ್ಟರಲ್ಲಿ ಲುಯೆಲ್ಲಾ ಹಾಡು ನಿಲ್ಲಿಸಿ ನನ್ನ ಕಡೆ ತಿರುಗಿದಳು. ಕಣ್ಣರಳಿಸಿ ನೋಡುತ್ತಲೇ ಇದ್ದಳು.

"ಆರ್ಡಿಸ್," ಎಂದಳು, "ಅದು ನೀನು."

"ಏನು ನಾನು?"

"ಸ್ವರ ಕೆಳಗೆ ಎಳೀತಾ ಇರೋದು ನೀನು ಕಣೇ. ನನಗೆ ಬೇರೆ ಯಾರ್ದೂ ಕೇಳಿಸ್ತಿರಲಿಲ್ಲ, ಪಕ್ಕದಲ್ಲಿ ನಿಂತ ನಿಂದು ಮಾತ್ರ ಕೇಳ್ತಿತ್ತು. ಮೂರು ವರ್ಷ ಅದನ್ನೇ ಹಿಡ್ಕೊಂಡು ನಾನೂ ಕೆಳಗೆ ಹೋದೆ."

ಪಿಯಾನೋ ನಿಂತಿತು. ನಾನು ಜನೆಲ್‌ಳ ಕಡೆ ನೋಡಿದೆ. ಅವಳು ತನ್ನ ಬೆರಳುಗಳನ್ನೇ ನೋಡುತ್ತಿದ್ದಳು.

"ನಿಂಗೆ ಗೊತ್ತಿತ್ತಾ?" ಎಂದೆ.

"ಗೊತ್ತಿತ್ತು," ಎಂದಳು ಜನೆಲ್. "ನಿಮ್ಮಿಬ್ಬರಲ್ಲಿ ಒಬ್ಬರನ್ನ ಬಿಡಿಸಿದ್ರೆ ಅರ್ಧ ಆದ್ರೂ ಸರಿಹೋಗುತ್ತೆ ಅಂದ್ಕೊಂಡೆ. ನಿಮಗೆ ಹೇಳೋ ಧೈರ್ಯ ಯಾರಿಗಿದೆ ಆರ್ಡಿಸ್? ಲುಯೆಲ್ಲಾ ಆದ್ರೆ ಬೈಯಲ್ಲ ಅಂತ ಅವರಿಗೆ ಹೇಳಿದೆ. ತಪ್ಪು ನಂದೇ."

ಬ್ಯಾಂಕಿನವರ ಮೇಲೆ, ಗೇಲನ್ ಮೇಲೆ, ಎಲ್ಲರ ಮೇಲೂ ಹಾರಾಡಿದ ನನ್ನ ನಾಲಿಗೆಗೆ ಹೆದರಿ, ಜನೆಲ್ ನನ್ನ ಪಾಲಿನ ಏಟನ್ನು ಈ ಮೆದು ಹೆಂಗಸಿಗೆ ಕೊಟ್ಟಿದ್ದಳು. ಏಟು ತಿಂದವಳ ಪರವಾಗಿ ಹೋರಾಡುತ್ತಿದ್ದೇನೆ ಎಂದು ನಾನು ಎಂಟು ತಿಂಗಳು ಬೀಗಿದ್ದೆ. ನಾಚಿಕೆಯಾಯಿತು, ತುಂಬ ನಾಚಿಕೆಯಾಯಿತು. ಹಾಡಿನ ಹಾಳೆ ಮುಚ್ಚಿ, ಕೋಟು ಹುಡುಕಲು ಹೊರಟೆ. ಹಾಳೆ ಜೋಡಿಸಿಡುವ ಕೆಲಸ ನಾನೇ ನೋಡಿಕೊಳ್ಳುತ್ತೇನೆ ಎಂದೆ.

"ಆರ್ಡಿಸ್, ಇಲ್ಲಿ ಬಾ," ಎಂದಳು ಲುಯೆಲ್ಲಾ. "ನನ್ನ ಪಕ್ಕದಲ್ಲೇ ನಿಂತ್ಕೋ. ಇನ್ಮೇಲೆ ನೀನು ನನ್ನ ಸ್ವರ ಹಿಡ್ಕೊಂಡು ಹಾಡು. ಈಗ ನಂಗೆ ಸರಿಯಾಗಿ ಕೇಳ್ತಿದೆ."

"ಬೇಡ ಬಿಡು," ಎಂದೆ. "ನಿಂಗ್ಯಾಕೆ ತೊಂದರೆ."

ಕೇಳು, ಇನ್ನೆರಡು ಸಲ ಕೇಳು ಎಂದು ಒಳಗೊಳಗೇ ಹಾತೊರೆಯುತ್ತ ಕೋಟಿನ ಗುಂಡಿ ನಿಧಾನವಾಗಿ ಹಾಕಿಕೊಂಡೆ. ಲುಯೆಲ್ಲಾ ಕೇಳಲಿಲ್ಲ. ನೆಟ್ಟಗೆ ಮೇಜಿನ ಹತ್ತಿರ ಹೋಗಿ, ತಟ್ಟೆಯಲ್ಲಿ ಒಂಟಿಯಾಗಿ ಕೂತಿದ್ದ ಕೊನೆಯ ಬಾರನ್ನು ಎತ್ತಿ, ಎಲ್ಲರೂ ನೋಡುತ್ತಿದ್ದಂತೆ ಪೂರ್ತಿಯಾಗಿ ಬಾಯಿಗೆ ಹಾಕಿಕೊಂಡಳು. ಆ ಚರ್ಚಿನ ನೂರೈವತ್ತು ವರ್ಷದಲ್ಲಿ ಹಾಗೆ ಮಾಡಿದವರು ಇನ್ನೊಬ್ಬರಿರಲಾರರು.

"ನಾನು ಒಂದೇ ಸಲ ಕೇಳೋದು ಇನ್ಮೇಲೆ," ಎಂದಳು, ಅಗಿಯುತ್ತ. "ಈಗ ಹೇಳು."

ನಾನು ಕೋಟು ಬಿಚ್ಚಿ, "ಹೂಂ" ಎಂದೆ.